ಕಾವಲುಗಾರನಿಗೂ ಒಂದು ಬೇಲಿ

ಯಾದಗಿರಿ, ಶಹಾಪುರ, ಸುರಪುರಗಳ ರೈತನು ಹತ್ತಿ ಮಾರಿ ಬಂದ ಹಣವನ್ನು ಚೀಟಿಗೆ ಕಟ್ಟಿ ಕಳೆದುಕೊಂಡರೆ, ಷೇರುಪೇಟೆಯ ಕಾವಲಿಗಿರುವ ‘ಸೆಬಿ’ ಮಂಡಲಿಯ ಕೈ ಅಲ್ಲಿಗೆ ನೀಳದು. ಚೀಟಿ, ಸಹಕಾರ ಸಂಘಗಳನ್ನು ಕಾಯಿದೆಯೇ ಅದರ ಬೇಲಿಯ ಹೊರಗಿರಿಸಿದೆ.

ಬೇಲಿಯ ಗಡಿ ಯಾವುದೆಂಬ ವ್ಯಾಜ್ಯವೂ ದುಬಾರಿಯೇ. ಜಮೀನಿನ ಹೆಸರಿನಲ್ಲಿ ಹಣವೆತ್ತುತ್ತಿದ್ದ ಪಿ.ಎ.ಸಿ.ಎಲ್. ಕಂಪನಿಯನ್ನು ಸೆಬಿಯು 1999ರಲ್ಲಿಯೇ ತಡೆಯಹೊರಟಿತು. ಅದು ಸಾಮೂಹಿಕ ಹೂಡಿಕೆಯಲ್ಲ, ಸೆಬಿಗೆ ಅಧಿಕಾರವಿಲ್ಲ ಎಂದು ರಾಜಸ್ಥಾನದ ಹೈಕೋರ್ಟು 2003ರಲ್ಲಿ ತೀರ್ಪಿತ್ತಿತು. ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿ ತನಿಖೆಗೆ ಅಪ್ಪಣೆಯಿತ್ತದ್ದು 2013ರಲ್ಲಿ. 2014ರ ಸೆಬಿ ಆದೇಶದಂತೆ ಸಂಗ್ರಹವಾಗಿದ್ದ ಮೊತ್ತ 49,100 ಕೋಟಿ ರೂಪಾಯಿ!

ಚೀಟಿಗೂ ಸಂಘಕ್ಕೂ ನಿಬಂಧಕರು ಬೇರೆ. ಠೇವಣಿದಾರರ ಹಿತರಕ್ಷಣೆಗೆ 2004ರ ಕರ್ನಾಟಕ ಕಾಯಿದೆಯುಂಟು. ಆದುದರಿಂದ ವಾಚಕರು ಹಣ ಕಟ್ಟುವ ಮುನ್ನವೇ ಕೇಳಿಕೊಳ್ಳಬೇಕು: ನಾಳೆ ಕೆಟ್ಟರೆ ಯಾರ ಬಾಗಿಲು ತಟ್ಟುವುದು?