ಅರ್ಜಿಯಲ್ಲಿ ಅಪ್ಪನ ಕಾಲಂ ಎಲ್ಲಿದೆ ಸ್ವಾಮಿ?

“ಹೆರಿಗೆ ನಿಮಗಾ, ನಿಮ್ಮ ಮನೆಯವರಿಗಾ?”

ಹೀಗೆ ಕೇಳಿದ್ದು ಡಾಕ್ಟರಲ್ಲ. ನಮ್ಮೂರಿನ ಒಂದು ಕೇಂದ್ರ ಸರ್ಕಾರಿ ಕಚೇರಿಯ ಗುಮಾಸ್ತರು. ಕೇಳಿಸಿಕೊಂಡವರು ಅದೇ ಕಚೇರಿಯ ನೌಕರರು, ಚೊಚ್ಚಲ ಮಗುವಿನ ತಂದೆ. ಕೈಯಲ್ಲಿ ರಜಾ ಅರ್ಜಿ. ಸುತ್ತ ಕೂತಿದ್ದವರೆಲ್ಲ ನಕ್ಕರು. ಪಾಪ, ಅವರೂ ನಕ್ಕರು. ಅರ್ಜಿ ಮಡಿಸಿ ಜೇಬಿಗಿಳಿಸಿ ಟೀ ಅಂಗಡಿಗೆ ಬಂದರು. ಅಲ್ಲಿ ನಾವು ಸಿಕ್ಕೆವು.

ಅವರ ಹೆಸರು ಬೇಡ, ಕಚೇರಿಯ ಹೆಸರೂ ಬೇಡ. ಗಂಡ ಹೆಂಡತಿ ಇಬ್ಬರೂ ಕೇಂದ್ರ ಸರ್ಕಾರದ ಕೆಲಸದಲ್ಲಿದ್ದಾರೆ, ಕಚೇರಿ ಬೇರೆ ಬೇರೆ. ಆಕೆ ಗಟ್ಟಿಗಿತ್ತಿ. ಆಸ್ಪತ್ರೆಗೆ ಸೇರುವ ಹಿಂದಿನ ದಿನದವರೆಗೂ ಬಸ್ಸಿನಲ್ಲೇ ಓಡಾಡಿದರು. ರಜೆಯ ಒಂದೊಂದು ದಿನವೂ ಮಗು ಬಂದ ಮೇಲೆ ಬೇಕಾಗುತ್ತೆ ಅಂತ. ಈಗ 180 ದಿನದ ಹೆರಿಗೆ ರಜೆ ಮುಗಿಯುತ್ತ ಬಂದಿದೆ. ಬಾಣಂತನಕ್ಕೆ ಬಂದಿದ್ದ ಅತ್ತೆಯವರು ಊರಿಗೆ ಹೊರಟಿದ್ದಾರೆ. ಹೆಂಡತಿ ಡ್ಯೂಟಿಗೆ ಹೋಗುವ ದಿನದಿಂದ 15 ದಿನ ತಾನು ಮನೆಯಲ್ಲಿದ್ದುಬಿಟ್ಟರೆ ಮಗು ಒಗ್ಗಿಕೊಳ್ಳುತ್ತದೆ, ಅಷ್ಟರಲ್ಲಿ ನೋಡಿಕೊಳ್ಳುವವರು ಯಾರಾದರೂ ಸಿಗುತ್ತಾರೆ. ಇದು ಗಂಡನ ಲೆಕ್ಕ.

ಗುಮಾಸ್ತರ ತಮಾಷೆ ಹಾಗಿರಲಿ. ಅವರು ಆಮೇಲೆ ಹೇಳಿದ ಮಾತು ಮಾತ್ರ ನಿಜ. “ನಿಮ್ ಪಿತೃತ್ವ ರಜೆ ಲ್ಯಾಪ್ಸ್ ಆಗೋಕೆ ಬಂತಲ್ಲ ಸಾರ್!”

ಕೇಂದ್ರ ಸರ್ಕಾರದ ರಜಾ ನಿಯಮಗಳು 1972ರವು. ಅಪ್ಪಂದಿರಿಗೆ 15 ದಿನ ಎಂದು ಆಜ್ಞೆಯಾದದ್ದು 1997ರಲ್ಲಿ, ಐದನೇ ವೇತನ ಆಯೋಗದ ನಂತರ. ಹೆರಿಗೆಗೆ ಮುಂಚಿನ 15 ದಿನದಿಂದ ಹಿಡಿದು ಹೆರಿಗೆಯಾದ ಆರು ತಿಂಗಳೊಳಗೆ ತೆಗೆದುಕೊಳ್ಳಬೇಕು. ಇಲ್ಲವಾದರೆ ಹೋಯಿತು. ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ತಾಯಿಯ ರಜೆ 180 ದಿನ. ತಂದೆಯ ಗಡುವು ಆರು ತಿಂಗಳು. ಹೆರಿಗೆ ದಿನದಿಂದ ರಜೆ ಹಾಕಿದ ತಾಯಿ ಕೆಲಸಕ್ಕೆ ಹೊರಡುವ ವೇಳೆಗೆ ತಂದೆಯ ಖಾತೆಯಲ್ಲಿ ಉಳಿಯುವುದು ಎರಡೋ ಮೂರೋ ದಿನ! ಮಗುವಿಗೆ ಅಪ್ಪ ನಿಜವಾಗಿ ಬೇಕಾದ ದಿನ ಯಾವುದೋ, ಸರಿಯಾಗಿ ಆವತ್ತೇ ಅಪ್ಪನ ರಜೆ ಸಾಯುತ್ತದೆ. ಬೇಕೆಂತಲೇ ಹೀಗೆ ಮಾಡಿದರೆಂದು ನಾವು ಹೇಳುವುದಿಲ್ಲ. ಅವಳದೊಂದು ಕಡತ, ಇವನದೊಂದು ಕಡತ. ಎರಡೂ ಒಂದೇ ಮೇಜಿನ ಮೇಲೆ ಎಂದೂ ಕೂತಿಲ್ಲ, ಅಷ್ಟೇ.

ಅರ್ಜಿ ಈಚೆ ಕೊಡಿ ಎಂದು ಇಸಿದುಕೊಂಡು ನೋಡಿದೆವು. ಹೆಸರು, ಹುದ್ದೆ, ಇಲಾಖೆ, ಸಂಬಳ, ಮನೆ ಬಾಡಿಗೆ ಭತ್ಯೆ. ಯಾವ ರಜೆ, ಎಂದಿನಿಂದ, ಎಷ್ಟು ದಿನ. ಹಿಂದೆ ಮುಂದೆ ಭಾನುವಾರ ಸೇರಿಸಿಕೊಳ್ಳುತ್ತೀರಾ? ಕಾರಣವೇನು? ಕಳೆದ ಸಲ ರಜೆಯಿಂದ ಯಾವತ್ತು ವಾಪಸು ಬಂದಿರಿ? ರಜೆಯಲ್ಲಿ ಎಲ್ಲಿರುತ್ತೀರಿ, ವಿಳಾಸ? ಭಾನುವಾರಕ್ಕೆ ಒಂದು ಕಾಲಂ ಉಂಟು, ಓದುಗರೇ. ನಿಮ್ಮ ಹೆಂಡತಿ ಯಾವಾಗ ಕೆಲಸಕ್ಕೆ ಹೋಗುತ್ತಾರೆ, ಮಗುವನ್ನು ಯಾರು ನೋಡುತ್ತಾರೆ ಎಂದು ಕೇಳುವ ಒಂದು ಗೆರೆ ಇಲ್ಲ. ಕಾಗದ ಹೋಗಿ ಕಂಪ್ಯೂಟರ್ ಬಂತಲ್ಲ ಅಂತೀರಾ? ಬರಲಿ. ಕೇಳದ ಪ್ರಶ್ನೆಯನ್ನು ಕಂಪ್ಯೂಟರ್ ತಾನಾಗಿ ಕೇಳುತ್ತದೆಯೇ?

ಇನ್ನೊಂದು ಫಾರಂ ಇದೆ, ಶಿಶುಪಾಲನಾ ರಜೆಯದು. 2008ರಲ್ಲಿ ಬಂತು. ಇಡೀ ಸರ್ವೀಸಿನಲ್ಲಿ 730 ದಿನ. ಒಳ್ಳೆಯದೇ. ಆದರೆ ಮಹಿಳೆಯರಿಗೆ ಮಾತ್ರ. 2018ರಲ್ಲಿ ಗಂಡಸರಿಗೂ ಬಾಗಿಲು ತೆರೆದರು. ಯಾವ ಗಂಡಸರಿಗೆ? ಮದುವೆಯಾಗದೆ, ಹೆಂಡತಿ ತೀರಿಕೊಂಡು ಅಥವಾ ವಿಚ್ಛೇದನವಾಗಿ ಒಬ್ಬನೇ ಮಗು ಸಾಕುತ್ತಿರುವವನಿಗೆ. ಹೆಂಡತಿ ಜೊತೆಗಿದ್ದರೆ ಗಂಡನಿಗೆ ಸೊನ್ನೆ. ಟೀ ಅಂಗಡಿಯ ನಮ್ಮ ಮಿತ್ರರ ಮನೆಯಲ್ಲಿ ಈಗ ಆಗಿರುವುದೂ ಅದೇ. ಆಕೆ ಇಲಾಖಾ ಪರೀಕ್ಷೆಗೆ ಓದಬೇಕೆಂದಿದ್ದರು, ಪಾಸಾದರೆ ಬಡ್ತಿ. ಒಂದೆರಡು ತಿಂಗಳು ಗಂಡ ನೋಡಿಕೊಂಡರೆ ಸಾಕಿತ್ತು, ಆತನೂ ತಯಾರು. ಆದರೆ 730 ದಿನವೂ ಆಕೆಯ ಹೆಸರಿನಲ್ಲಿ. ಗಂಡನ ಹೆಸರಿಗೆ ಒಂದು ದಿನ ಬದಲಾಯಿಸಿ ಎಂದರೆ ಅದಕ್ಕೆ ಅರ್ಜಿಯೇ ಇಲ್ಲ. ಕೊನೆಗೆ ಪರೀಕ್ಷೆ ಬಿಟ್ಟು ಆಕೆಯೇ ರಜೆ ಹಾಕಿದರು. ಗಂಡ ಹೆಂಡತಿ ಕೂತು ಮಾತಾಡಿ ತೀರ್ಮಾನಿಸಿದ್ದಲ್ಲ ಇದು. ಅರ್ಜಿ ತೀರ್ಮಾನಿಸಿದ್ದು.

ಸ್ವೀಡನ್ನಿನ ಕಾಗದ

ಗಂಡಸರಿಗೆ ರಜೆ ಕೊಟ್ಟರೂ ತಗೋತಾರೇನ್ರೀ, ಇಸ್ಪೀಟು ಆಡೋಕೆ ಹೋಗ್ತಾರೆ ಎಂದು ಅಂಗಡಿಯಲ್ಲಿ ಯಾರೋ ಕುಟುಕಿದರು. ಅದಕ್ಕೆ ಸ್ವೀಡನ್ ದೇಶದ ಕತೆ ಹೇಳಬೇಕು.

1974ರಲ್ಲಿ ಆ ದೇಶ ತಾಯಿಯ ರಜೆಯನ್ನು ತಂದೆತಾಯಿಯ ರಜೆ ಮಾಡಿತು. ಆರು ತಿಂಗಳು, ಇಷ್ಟ ಬಂದಂತೆ ಹಂಚಿಕೊಳ್ಳಿ ಎಂದಿತು. ಆ ವರ್ಷ ಅಪ್ಪಂದಿರು ತೆಗೆದುಕೊಂಡದ್ದು ಒಟ್ಟು ರಜೆಯಲ್ಲಿ ನೂರಕ್ಕೆ ಅರ್ಧದಷ್ಟು. ಅರ್ಧ ಪಾಲಲ್ಲ ಸ್ವಾಮಿ, 0.5! ಸರ್ಕಾರ ಪ್ರಚಾರಕ್ಕಿಳಿಯಿತು. ದೇಶಕ್ಕೇ ಹೆಸರಾಗಿದ್ದ ಭಾರ ಎತ್ತುವ ಪೈಲ್ವಾನ ಲೆನಾರ್ಟ್ ಡಾಲ್‌ಗ್ರೆನ್ ಕೈಗೆ ಕೂಸು ಕೊಟ್ಟು ಪೋಸ್ಟರು ಅಂಟಿಸಿತು. ಆ ಪೋಸ್ಟರು ಇವತ್ತಿಗೂ ಪ್ರಸಿದ್ಧ. ಅಪ್ಪಂದಿರೇನೋ ಆಮೆ ನಡಿಗೆಯಲ್ಲೇ ಮುಂದೆ ಸಾಗಿದರು.

1995ರಲ್ಲಿ ಬದಲಾಯಿಸಿದ್ದು ಪೋಸ್ಟರನ್ನಲ್ಲ, ಲೆಕ್ಕದ ಪುಸ್ತಕವನ್ನು. ಅರ್ಧ ದಿನ ಅಮ್ಮನ ಹೆಸರಿಗೆ, ಅರ್ಧ ದಿನ ಅಪ್ಪನ ಹೆಸರಿಗೆ ಬರೆದರು. ಅಪ್ಪ ಬೇಡವೆಂದರೆ ತನ್ನ ದಿನಗಳನ್ನು ಹೆಂಡತಿಗೆ ಸಹಿ ಹಾಕಿ ಬಿಟ್ಟುಕೊಡಬೇಕು. ಅದರಲ್ಲೂ ಒಂದು ತಿಂಗಳನ್ನು ಸಹಿ ಹಾಕಿದರೂ ಬಿಟ್ಟುಕೊಡುವಂತಿಲ್ಲ. ತೆಗೆದುಕೋ, ಇಲ್ಲ ಕಳೆದುಕೋ. ಅದುವರೆಗೆ ಅಪ್ಪಂದಿರಲ್ಲಿ ಅರ್ಧದಷ್ಟು ಮಂದಿ ಒಂದು ದಿನವೂ ರಜೆ ಹಾಕುತ್ತಿರಲಿಲ್ಲ. ಆ ವರ್ಷದ ನಂತರ ಹಾಗೆ ಉಳಿದವರು ಸುಮಾರು ಐವರಲ್ಲಿ ಒಬ್ಬರು. ಹೆಚ್ಚಿನವರು ಹಾಕಿದ್ದು ಎಷ್ಟು ಅಂತೀರಿ? ಸರಿಯಾಗಿ ಒಂದು ತಿಂಗಳು! 2002ರಲ್ಲಿ ಎರಡು ತಿಂಗಳು ಕಾದಿರಿಸಿದರು, 2016ರಲ್ಲಿ ಮೂರು. ಅಲ್ಲಿ ಮಗುವಿಗೆ ಸಿಗುವ ಒಟ್ಟು 480 ದಿನದಲ್ಲಿ ಅಪ್ಪಂದಿರ ಪಾಲು ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ 30ರ ಆಸುಪಾಸು. ಯಾರ ಹೆಸರಿಗೆ ಬರೆದಿದೆ, ಬಿಟ್ಟುಕೊಡಲು ಯಾರು ಸಹಿ ಹಾಕಬೇಕು, ಇದರಲ್ಲೇ ಅರ್ಧ ಕತೆ ಮುಗಿಯುತ್ತದೆ.

ಅರ್ಧ ಮಾತ್ರ, ಪೂರ್ತಿ ಅಲ್ಲ. 1995ರ ಬದಲಾವಣೆಯನ್ನು ಅಳೆದು ನೋಡಿದ ಅರ್ಥಶಾಸ್ತ್ರಜ್ಞರು ಇನ್ನೊಂದನ್ನೂ ಕಂಡರು. ಮಗುವಿಗೆ ಜ್ವರ ಬಂದಾಗ ಕೆಲಸ ಬಿಟ್ಟು ಮನೆಯಲ್ಲಿ ಉಳಿಯುವುದರಲ್ಲಿ ಅಪ್ಪಂದಿರ ಪಾಲು ಹೆಚ್ಚಲಿಲ್ಲ. ಕಾಗದ ಮನೆಯೊಳಗೆ ಕರೆತಂದಿತು, ಥರ್ಮಾಮೀಟರನ್ನು ಕೈಗೆ ಕೊಡಲಿಲ್ಲ.

ಇದೇ ಸಹಿಯನ್ನು ಬ್ರಿಟನ್ನಿನವರು 2015ರಲ್ಲಿ ಉಲ್ಟಾ ಹಾಕಿಸಿದರು. ಅಲ್ಲಿ ತಾಯಿಗೆ 52 ವಾರ. ಹಂಚಿಕೊಳ್ಳಬಹುದು, ಆದರೆ ಮೊದಲು ತಾಯಿ ‘ನನ್ನ ರಜೆಯನ್ನು ಇಲ್ಲಿಗೆ ಮೊಟಕು ಮಾಡುತ್ತಿದ್ದೇನೆ’ ಎಂದು ಬರೆದುಕೊಡಬೇಕು. ಆಮೇಲೆ ಇಬ್ಬರೂ ಘೋಷಣೆ ಕೊಡಬೇಕು, ಎಂಟು ವಾರ ಮುಂಚೆ ನೋಟೀಸು ಕೊಡಬೇಕು. ಎಳೆಗೂಸು ಮಡಿಲಲ್ಲಿಟ್ಟುಕೊಂಡು ತನ್ನ ರಜೆಯನ್ನು ತಾನೇ ಕತ್ತರಿಸುವ ಕಾಗದಕ್ಕೆ ಯಾವ ತಾಯಿಗೆ ಕೈ ಬರುತ್ತದೆ? ಅಲ್ಲಿನ ಸರ್ಕಾರವೇ 2023ರಲ್ಲಿ ಲೆಕ್ಕ ಹೊರಗಿಟ್ಟಾಗ, ಅರ್ಹ ಅಪ್ಪಂದಿರಲ್ಲಿ ಇದನ್ನು ಬಳಸಿದವರು ನೂರಕ್ಕೆ ಸುಮಾರು ಐದು. ಆ ರಜೆಯಲ್ಲಿ ಸಿಗುವ ಹಣವೂ ಕಡಿಮೆ, ಅದನ್ನೂ ಹೇಳಬೇಕು.

ನಮ್ಮ ಪೇಟೆ ಬೀದಿ

ನಮ್ಮ ರಾಜ್ಯದ ನೌಕರರಿಗೂ ತಾಯಿಗೆ 180, ತಂದೆಗೆ 15. ಹಾಗಾಗಿ ಮೇಷ್ಟರ ಮನೆಯದೂ ಪೊಲೀಸರ ಮನೆಯದೂ ಇದೇ ಪಾಡು. ಪೇಟೆ ಬೀದಿಯ ಅಂಗಡಿಗಳಲ್ಲಿ ದುಡಿಯುವ ಹುಡುಗರಿಗೆ ಅದೂ ಇಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿ ಅಪ್ಪನ ರಜೆ ಇರಲಿಲ್ಲ. 2017ರಲ್ಲಿ ತಿದ್ದಿ 12 ವಾರವನ್ನು 26 ಮಾಡಿದಾಗಲೂ ಸೇರಿಸಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯ ಹೆರಿಗೆ ಅಧ್ಯಾಯದಲ್ಲೂ ಬರೆಯಲಿಲ್ಲ. ಧಣಿ ದೊಡ್ಡ ಮನಸ್ಸು ಮಾಡಿದರೆ ನಾಮಕರಣದ ದಿನ ಅರ್ಧ ದಿನ ರಜ, ಜೊತೆಗೊಂದು ಜುಬ್ಬಾ ಬಟ್ಟೆ. ಧಣಿಗಳನ್ನು ದೂರಿಯೂ ಫಲವಿಲ್ಲ. ಇಬ್ಬರೇ ಆಳಿರುವ ಅಂಗಡಿಯಲ್ಲಿ ಒಬ್ಬ ಹದಿನೈದು ದಿನ ಬಾರದಿದ್ದರೆ ಗಲ್ಲಾದಲ್ಲಿ ಕೂರುವವರು ಯಾರು, ಸಾಮಾನು ಕಟ್ಟುವವರು ಯಾರು? ಸ್ವೀಡನ್ನಿನಲ್ಲಿ ಆ ಹಣ ಧಣಿಯ ಗಲ್ಲಾದಿಂದ ಬರುವುದಿಲ್ಲ, ವಿಮೆಯಿಂದ ಬರುತ್ತದೆ. ನಮ್ಮಲ್ಲಿ ಆ ಮಾತು ಇನ್ನೂ ಶುರುವಾಗಬೇಕು.

ಟೀ ಆರಿ ಹೋಗಿತ್ತು. ನಮ್ಮ ಮಿತ್ರರು ಜೇಬಿನಿಂದ ಅರ್ಜಿ ತೆಗೆದು, ಹಿಂಬದಿಯಲ್ಲಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಪಿತೃತ್ವ ರಜೆಯಲ್ಲಿ ಉಳಿದ ಎರಡು ದಿನಕ್ಕಾಗಿ ಮತ್ತೆ ಆ ಮೇಜಿನ ಮುಂದೆ ನಗೆಪಾಟಲಾಗುವುದು ಅವರಿಗೆ ಬೇಡವಾಗಿತ್ತು. ಪೆನ್ನು ಕೇಳಿದರು, ಕೊಟ್ಟೆವು. ‘ಪಿತೃತ್ವ ರಜೆ’ ಎಂದಿದ್ದದ್ದನ್ನು ಹೊಡೆದು ‘ಗಳಿಕೆ ರಜೆ, 10 ದಿನ’ ಎಂದು ಬರೆದರು.

ಕಾರಣದ ಕಾಲಮ್ಮಿನ ಹತ್ತಿರ ಪೆನ್ನು ನಿಂತಿತು.

“ಮಗು ನೋಡ್ಕೊಳ್ಳೋಕೆ ಅಂತ ಬರೀರಿ” ಎಂದೆವು.

“ಬೇಡ ಸಾರ್, ಮತ್ತೆ ನಗ್ತಾರೆ” ಎಂದವರೇ ‘ಸ್ವಂತ ಕೆಲಸ’ ಎಂದು ಬರೆದು ಸಹಿ ಹಾಕಿದರು.