ಸೈಕಲ್ ಜಾಥಾ ಮತ್ತು ಕಾವಲಿನ ಬಿಲ್ಲೆ

ಆರೋಗ್ಯವೇ ಭಾಗ್ಯವೆಂಬ ಮಾತನ್ನು ಅರಿಯದವರಿಲ್ಲ. ಆ ಭಾಗ್ಯವನ್ನು ಬೆವರು ಸುರಿಸಿಯೇ ಗಳಿಸಬೇಕೆಂಬ ಅರಿವು ಮಾತ್ರ ನಗರವಾಸಿಗಳಲ್ಲಿ ತಡವಾಗಿ ಮೂಡುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ದಾಟಿದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೋಪನ್‌ಹೇಗನ್ ನಗರದಲ್ಲಿ 30,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವು, ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರಿಗಿಂತ ಹೋಗದವರಲ್ಲಿ ಮರಣದ ಪ್ರಮಾಣ ಶೇಕಡಾ 39ರಷ್ಟು ಹೆಚ್ಚೆಂದು ಕಂಡುಕೊಂಡಿತು. ಸೈಕಲ್ ಬಡವರ ವಾಹನವೆಂಬ ತಾತ್ಸಾರ ಕಡಿಮೆಯಾಗಿ, ಅದು ಆರೋಗ್ಯದ ಸಾಧನವೆಂಬ ಗೌರವ ಬೆಳೆಯುತ್ತಿರುವುದು ಸಂತೋಷದ ಸಂಗತಿ.

ನಾಗಪುರವು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಚಳಿಗಾಲದ ಭಾನುವಾರಗಳಂದು ಸಿವಿಲ್ ಲೈನ್ಸಿನ ಮರಗಳ ಸಾಲಿನಲ್ಲಿ, ಫುಟಾಳಾ ಮತ್ತು ಅಂಬಾಝರಿ ಕೆರೆಗಳ ದಂಡೆಯಲ್ಲಿ, ಸೆಮಿನರಿ ಹಿಲ್ಸಿನ ಏರಿನಲ್ಲಿ ಸವಾರರನ್ನು ಕಾಣಬಹುದು. ಈ ಊರಿನ ವೈದ್ಯರಾದ ಡಾ. ಅಮಿತ್ ಸಮರ್ಥ್ ಅವರು 2017ರಲ್ಲಿ ಅಮೆರಿಕ ಖಂಡವನ್ನು ಪಶ್ಚಿಮದಿಂದ ಪೂರ್ವಕ್ಕೆ ಸುಮಾರು 4,800 ಕಿಲೋಮೀಟರ್ ಸೈಕಲ್ ತುಳಿದು ದಾಟುವ ಕಠಿಣ ಸ್ಪರ್ಧೆಯನ್ನು ಒಬ್ಬಂಟಿಯಾಗಿ, 12 ದಿನಗಳ ಒಳಗೆ ಮುಗಿಸಿ ಕೀರ್ತಿ ತಂದರು. ಕೇಂದ್ರ ಸರಕಾರವು 2020ರಲ್ಲಿ ಆರಂಭಿಸಿದ ಸೈಕಲ್ ಸ್ನೇಹಿ ನಗರಗಳ ಸ್ಪರ್ಧೆಯಲ್ಲಿ ಅಂತಿಮವಾಗಿ ಆಯ್ಕೆಯಾದ 11 ನಗರಗಳಲ್ಲಿ ಬೆಂಗಳೂರಿನ ಜೊತೆಗೆ ನಾಗಪುರದ ಹೆಸರೂ ಇತ್ತು. 2024ರ ಡಿಸೆಂಬರಿನಲ್ಲಿ ದೇಶದಾದ್ಯಂತ ಭಾನುವಾರದ ಸೈಕಲ್ ಸವಾರಿಗೆ ಸರಕಾರವೇ ಕರೆ ಕೊಟ್ಟ ಮೇಲೆ, ಸಂಘ ಸಂಸ್ಥೆಗಳು ಜಾಥಾ ಏರ್ಪಡಿಸುವುದಕ್ಕೆ ಮತ್ತಷ್ಟು ಪ್ರೋತ್ಸಾಹ ದೊರೆತಂತಾಗಿದೆ.

ಜಾಥಾ ಏರ್ಪಡಿಸುವವರು ಹಾದಿಯನ್ನು ಗುರುತಿಸುತ್ತಾರೆ, ಪೊಲೀಸರ ಅನುಮತಿ ಪಡೆಯುತ್ತಾರೆ, ಅಂಗಿ ಹಂಚುತ್ತಾರೆ, ಉಪಾಹಾರಕ್ಕೆ ಉಪ್ಪಿಟ್ಟು, ಪೋಹೆಗಳ ವ್ಯವಸ್ಥೆ ಮಾಡುತ್ತಾರೆ. ಸವಾರಿ ಮುಗಿದು ಇನ್ನೂರು ಜನ ಒಮ್ಮೆಲೇ ಕೆಳಗಿಳಿದಾಗ ಆ ಇನ್ನೂರು ಸೈಕಲ್ಲುಗಳು ಎಲ್ಲಿ ನಿಲ್ಲಬೇಕು, ಅವನ್ನು ಯಾರು ಕಾಯಬೇಕು ಎಂಬ ಪ್ರಶ್ನೆಯೊಂದೇ ಸಾಮಾನ್ಯವಾಗಿ ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ.

ಗುಂಪೇ ಕಳ್ಳನಿಗೆ ಮರೆ

ಸೈಕಲ್ ಜಾಥಾದಲ್ಲಿ ಸೈಕಲ್ ಕಳವಾದೀತೇ ಎಂದು ಕೇಳುವವರುಂಟು. ವಾಸ್ತವವಾಗಿ ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಮರೆ ಇನ್ನೊಂದಿಲ್ಲ. ಬೀದಿಯಲ್ಲಿ ಅಪರಿಚಿತನೊಬ್ಬ ಬೆಲೆಬಾಳುವ ಸೈಕಲ್ಲನ್ನು ತಳ್ಳಿಕೊಂಡು ಹೋದರೆ ನಾಲ್ಕು ಕಣ್ಣುಗಳಾದರೂ ನೋಡುತ್ತವೆ. ಎಲ್ಲರೂ ಸೈಕಲ್ ಹಿಡಿದೇ ಓಡಾಡುತ್ತಿರುವ ಮೈದಾನದಲ್ಲಿ ಯಾರು ಯಾರನ್ನು ಪ್ರಶ್ನಿಸುವರು? ಬೀಗ ಹಾಕಲು ಅಲ್ಲಿ ಕಂಬವಾಗಲಿ ಕಟಕಟೆಯಾಗಲಿ ಇರುವುದಿಲ್ಲ. ಚಕ್ರಕ್ಕೆ ಮಾತ್ರ ಸರಪಳಿ ಸುತ್ತಿದ ಸೈಕಲ್ಲನ್ನು ಇಡಿಯಾಗಿ ಎತ್ತಿ ಟೆಂಪೋದಲ್ಲಿ ಹಾಕಿಕೊಳ್ಳುವುದು ಕಷ್ಟವಲ್ಲ. ಹೊಸ ಮಾದರಿಯ ಸೈಕಲ್ಲುಗಳಲ್ಲಿ ಮುಂದಿನ ಚಕ್ರವನ್ನೂ ಆಸನವನ್ನೂ ಪಾನೆಯ ಅಗತ್ಯವಿಲ್ಲದೆ ಬಿಚ್ಚಬಹುದು.

ಕಳವು ಆಗದಿದ್ದರೂ ಆತಂಕವೇ ಒಂದು ನಷ್ಟ. ಇಂಥ ಜಾಥಾಗಳ ಕೊನೆಗೆ ರಕ್ತದೊತ್ತಡ, ಸಕ್ಕರೆಯ ಅಂಶಗಳ ತಪಾಸಣೆಯನ್ನು ಇಟ್ಟುಕೊಳ್ಳುವುದು ವಾಡಿಕೆ. ಸರತಿಯಲ್ಲಿ ಅರ್ಧ ಗಂಟೆ ನಿಲ್ಲಬೇಕಾದವರ ಮನಸ್ಸು ಹೊರಗಿನ ಸೈಕಲ್ಲಿನ ಮೇಲಿದ್ದರೆ, ಅವರು ತಪಾಸಣೆ ಬಿಟ್ಟು ಮನೆಯ ದಾರಿ ಹಿಡಿಯುತ್ತಾರೆ. ಪರೀಕ್ಷೆ ಅತ್ಯಗತ್ಯವಾಗಿದ್ದವರೇ ಹಾಗೆ ಹೊರಟುಹೋದರೆ ಶಿಬಿರದ ಉದ್ದೇಶವೇ ವಿಫಲವಾದಂತೆ.

ನಷ್ಟದ ತೂಕವೂ ಎಲ್ಲರಿಗೂ ಒಂದೇ ಅಲ್ಲ. ಐವತ್ತು ಸಾವಿರ ರೂಪಾಯಿಯ ಸೈಕಲ್ ಕಳೆದುಕೊಂಡ ಅಧಿಕಾರಿಗೆ ಬೇಸರವಾಗುತ್ತದೆ. ಮರುದಿನ ಅವರು ಕಾರಿನಲ್ಲಿ ಕಚೇರಿಗೆ ಹೋಗುತ್ತಾರೆ. ಜಾಥಾದ ಉತ್ಸಾಹಕ್ಕೆ ಸೇರಿಕೊಂಡ ಪತ್ರಿಕೆ ಹಂಚುವ ಹುಡುಗನ ಅಥವಾ ರಾತ್ರಿ ಪಾಳಿಯ ಕಾವಲುಗಾರನ ಹಳೆಯ ಸೈಕಲ್ ಕಳೆದರೆ ಮರುದಿನದ ದುಡಿಮೆಗೇ ಕುತ್ತು. ಹೊಸದಾಗಿ ಸವಾರಿ ಕಲಿತ ಗೃಹಿಣಿಯ ಸೈಕಲ್ ಹೋದರೆ, ಮನೆಯವರು ಇನ್ನೊಂದನ್ನು ಕೊಡಿಸುವರೆಂಬ ಭರವಸೆಯಿಲ್ಲ. ಸಮುದಾಯದ ಜಾಥಾ ಎಂದು ಎಲ್ಲರನ್ನೂ ಕರೆದ ಮೇಲೆ, ಕಳೆದುಕೊಳ್ಳಲು ಶಕ್ತಿಯಿಲ್ಲದವರನ್ನು ನೆನೆದು ವ್ಯವಸ್ಥೆ ಮಾಡುವುದು ಕರೆದವರ ಕರ್ತವ್ಯ.

ಹಳೆಯ ಸ್ಟ್ಯಾಂಡಿನ ಪಾಠ

ಇದಕ್ಕೆ ಪರಿಹಾರವನ್ನು ದೂರ ಹುಡುಕಬೇಕಾಗಿಲ್ಲ. ಕರ್ನಾಟಕದ ಊರುಗಳಲ್ಲಿ ಬೆಳೆದ ಹಿರಿಯರಿಗೆ ಚಿತ್ರಮಂದಿರದ ಪಕ್ಕದ ಸೈಕಲ್ ಸ್ಟ್ಯಾಂಡ್ ನೆನಪಿರಬಹುದು. ಹ್ಯಾಂಡಲ್ಲಿಗೆ ಒಂದು ಬಿಲ್ಲೆ, ಸವಾರನ ಕೈಗೆ ಅದೇ ಸಂಖ್ಯೆಯ ಇನ್ನೊಂದು ಬಿಲ್ಲೆ. ಬಿಲ್ಲೆಗೆ ಬಿಲ್ಲೆ ಕೂಡಿದರೆ ಸೈಕಲ್ ಹೊರಗೆ. ಬ್ಯಾಂಕಿನಲ್ಲಿ ಚೆಕ್ಕು ಕೊಟ್ಟು ಹಿತ್ತಾಳೆಯ ಟೋಕನ್ ಹಿಡಿದು ಕಾಯುತ್ತಿದ್ದ ಕಾಲದ ತತ್ತ್ವವೂ ಇದೇ: ಮುಖ ನೋಡಿ ಹಣ ಕೊಡಬಾರದು, ಸಂಖ್ಯೆ ನೋಡಿ ಕೊಡಬೇಕು.

ಶ್ರೀಮಂತ ದೇಶಗಳೂ ಇದೇ ತತ್ತ್ವವನ್ನು ಅನುಸರಿಸಿವೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಸೈಕಲ್ಲನ್ನು ಒಪ್ಪಿಸಿ, ಚೀಟಿ ಪಡೆದು, ನಿಶ್ಚಿಂತೆಯಿಂದ ಪಂದ್ಯ ನೋಡುವ ಏರ್ಪಾಡನ್ನು ಅಲ್ಲಿನ ಸೈಕಲ್ ಸವಾರರ ಸಂಘವು ನಡೆಸಿಕೊಂಡು ಬಂದಿದೆ. ನೆದರ್ಲೆಂಡ್ಸ್ ದೇಶದ ಉಟ್ರೆಕ್ಟ್ ರೈಲ್ವೆ ನಿಲ್ದಾಣದಲ್ಲಿ 12,500 ಸೈಕಲ್ಲುಗಳಿಗೆ ಸ್ಥಳವುಳ್ಳ ನಿಲುಗಡೆ 2019ರಲ್ಲಿ ಪೂರ್ಣಗೊಂಡಿತು. ಸೈಕಲ್ ಓಡಿಸುವ ನಾಡುಗಳು ಸೈಕಲ್ ನಿಲ್ಲಿಸುವುದನ್ನೂ ಅಷ್ಟೇ ಗಂಭೀರವಾಗಿ ಭಾವಿಸಿವೆ ಎಂಬುದು ಇದರಿಂದ ತಿಳಿಯುತ್ತದೆ.

ಕಾಯಿದೆ ಏನೆನ್ನುತ್ತದೆ?

“ಸೈಕಲ್ಲುಗಳನ್ನು ವಶಕ್ಕೆ ತೆಗೆದುಕೊಂಡರೆ ಹೊಣೆಯೂ ಬರುತ್ತದೆ, ‘ಮಾಲಿಕರ ಜವಾಬ್ದಾರಿಯಲ್ಲಿ ನಿಲ್ಲಿಸಿ’ ಎಂದು ಬೋರ್ಡು ಹಾಕಿದರೆ ಸಾಲದೇ?” ಎಂಬುದು ಕಾರ್ಯಕಾರಿ ಸಮಿತಿಗಳಲ್ಲಿ ಏಳಬಹುದಾದ ಆಕ್ಷೇಪ. ಇದನ್ನು ಶಾಂತವಾಗಿ ಪರಿಶೀಲಿಸಬೇಕು.

ಒಬ್ಬರ ವಸ್ತುವನ್ನು ಇನ್ನೊಬ್ಬರು ಒಂದು ಉದ್ದೇಶಕ್ಕಾಗಿ ವಶಕ್ಕೆ ಪಡೆದು, ಅದು ಮುಗಿದ ಮೇಲೆ ಹಿಂದಿರುಗಿಸುವ ಒಡಂಬಡಿಕೆಗೆ 1872ರ ಭಾರತೀಯ ಕರಾರು ಕಾಯಿದೆಯ 148ನೆಯ ಕಲಮು ಬೇಲ್‌ಮೆಂಟ್ ಎಂದು ಹೆಸರಿಟ್ಟಿದೆ. ಸಾಮಾನ್ಯ ವಿವೇಕವುಳ್ಳ ಮನುಷ್ಯನು ಅಂಥದೇ ಸಂದರ್ಭದಲ್ಲಿ ತನ್ನ ಸ್ವಂತ ವಸ್ತುವನ್ನು ಎಷ್ಟು ಎಚ್ಚರದಿಂದ ನೋಡಿಕೊಳ್ಳುವನೋ ಅಷ್ಟು ಎಚ್ಚರ ವಹಿಸಬೇಕೆಂದು 151ನೆಯ ಕಲಮು ವಿಧಿಸುತ್ತದೆ. ಶುಲ್ಕ ಪಡೆದರೂ ಪಡೆಯದಿದ್ದರೂ ಈ ಅಳತೆಗೋಲು ಒಂದೇ. ಅಷ್ಟು ಎಚ್ಚರ ವಹಿಸಿದ ಮೇಲೂ ವಸ್ತು ನಷ್ಟವಾದರೆ, ಬೇರೆ ವಿಶೇಷ ಕರಾರು ಇಲ್ಲದಿರುವಾಗ ವಶದಲ್ಲಿಟ್ಟುಕೊಂಡವರು ಹೊಣೆಗಾರರಲ್ಲವೆಂದು 152ನೆಯ ಕಲಮು ರಕ್ಷಣೆಯನ್ನೂ ಕೊಡುತ್ತದೆ. ಕಾಯಿದೆ ಕೇಳುವುದು ಅಸಾಧ್ಯವಾದುದನ್ನಲ್ಲ, ವಿವೇಕವನ್ನು ಮಾತ್ರ.

ಬೋರ್ಡಿನ ಮಾತಿಗೆ ಬಂದರೆ, 2019ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪೊಂದು ಮನನಯೋಗ್ಯ. 1998ರಲ್ಲಿ ದೆಹಲಿಯ ತಾರಾ ಹೋಟೆಲೊಂದರ ಸಿಬ್ಬಂದಿಯ ಕೈಗೆ ಅತಿಥಿಯೊಬ್ಬರು ಒಪ್ಪಿಸಿದ್ದ ಕಾರು ಕಳವಾಗಿತ್ತು. ನಿಲುಗಡೆಯು ಮಾಲಿಕರ ಜವಾಬ್ದಾರಿಯಲ್ಲಿ ಎಂದು ಚೀಟಿಯಲ್ಲಿ ಅಚ್ಚುಹಾಕಿದ ಮಾತ್ರಕ್ಕೆ ತನ್ನ ಅಲಕ್ಷ್ಯದ ಹೊಣೆಯಿಂದ ಹೋಟೆಲು ಪಾರಾಗಲಾರದೆಂದು ನ್ಯಾಯಾಲಯ ಹೇಳಿತು. ಅದು ಕಾರಿನ ಪ್ರಕರಣವಾದರೂ ವಸ್ತುವನ್ನು ವಶಕ್ಕೆ ಪಡೆಯುವ ಎಲ್ಲರಿಗೂ ಅದರಲ್ಲಿ ಪಾಠವಿದೆ. ಬೋರ್ಡು ಸಂಘವನ್ನು ಕಾಯುವುದಿಲ್ಲ. ಬಿಲ್ಲೆ, ದಾಖಲೆ, ಕಾವಲು ಇವು ಕಾಯುತ್ತವೆ. ಎಚ್ಚರ ವಹಿಸಿದ್ದಕ್ಕೆ ಪುರಾವೆಯೂ ಅವೇ.

ಸ್ಥಳ, ಜನ, ಸಮಯ

ಈಗ ಲೆಕ್ಕಾಚಾರಕ್ಕೆ ಬರೋಣ. ಸೈಕಲ್ಲೊಂದರ ಉದ್ದ ಸುಮಾರು 1.8 ಮೀಟರ್, ಹ್ಯಾಂಡಲ್ಲಿನ ಅಗಲ ಸುಮಾರು 60 ಸೆಂಟಿಮೀಟರ್. ಚಪ್ಪರ ಹಾಕುವವರ ಬಳಿ ದೊರೆಯುವ ಗಟ್ಟಿ ಬಿದಿರನ್ನು ಸುಮಾರು ಒಂದು ಮೀಟರ್ ಎತ್ತರದಲ್ಲಿ ಅಡ್ಡ ಕಟ್ಟಿ, ಆಸನದ ಮೂತಿಯನ್ನು ಅದಕ್ಕೆ ತಗುಲಿಹಾಕಿ, ಒಂದು ಸೈಕಲ್ ಪೂರ್ವಾಭಿಮುಖ, ಮುಂದಿನದು ಪಶ್ಚಿಮಾಭಿಮುಖವಾಗಿ ನಿಲ್ಲಿಸಿದರೆ ಹ್ಯಾಂಡಲ್ಲುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಈ ರೀತಿ 4 ಮೀಟರ್ ಬಿದಿರಿಗೆ ಹತ್ತು ಸೈಕಲ್; ಇನ್ನೂರಕ್ಕೆ ಇಪ್ಪತ್ತು ಬಿದಿರು. ಓಡಾಡುವ ದಾರಿಯನ್ನೂ ಸೇರಿಸಿದರೆ ಬೇಕಾಗುವ ಜಾಗ ಸುಮಾರು 320 ಚದರ ಮೀಟರ್, ಎಂದರೆ ನಾಲ್ಕು ಬ್ಯಾಡ್ಮಿಂಟನ್ ಅಂಕಣಗಳಷ್ಟು. ಇಷ್ಟೇ ಜಾಗದಲ್ಲಿ ಓಡಾಟದ ದಾರಿ ಬಿಟ್ಟು ಹನ್ನೆರಡು ಹದಿಮೂರು ಕಾರುಗಳು ನಿಂತಾವು. ಮಕ್ಕಳ ಸೈಕಲ್ಲುಗಳಿಗೆ ತಗ್ಗಾದ ಒಂದೆರಡು ಬಿದಿರುಗಳು ಪ್ರತ್ಯೇಕವಾಗಿರಲಿ.

ಸುತ್ತಲೂ ಹಗ್ಗದ ಬೇಲಿ, ಒಂದೇ ಬಾಗಿಲು. ಬಾಗಿಲಿನಲ್ಲಿ ಯಾವಾಗಲೂ ಇಬ್ಬರು ಇರಬೇಕು. ಬ್ಯಾಂಕಿನ ಭದ್ರಕೋಣೆಗೆ ಎರಡು ಬೀಗದ ಕೈಗಳನ್ನು ಇಬ್ಬರು ಬೇರೆ ಬೇರೆ ಅಧಿಕಾರಿಗಳಲ್ಲಿ ಇರಿಸುವುದು ಯಾರ ಪ್ರಾಮಾಣಿಕತೆಯ ಮೇಲಿನ ಸಂಶಯದಿಂದಲೂ ಅಲ್ಲ; ಒಬ್ಬರು ಚಹಾಕ್ಕೆ ಹೋದಾಗ ಇನ್ನೊಬ್ಬರಿರಲಿ ಎಂದು, ಮರೆವಿಗೆ ಇನ್ನೊಂದು ಮನಸ್ಸು ಆಸರೆಯಾಗಲಿ ಎಂದು. ಸವಾರರಲ್ಲಿ ಯಾರೂ ಬೇಲಿಯ ಒಳಕ್ಕೆ ಬರಬಾರದು; ಸೈಕಲ್ಲನ್ನು ಸ್ವಯಂಸೇವಕರೇ ಒಯ್ದು ನಿಲ್ಲಿಸಬೇಕು, ಅವರೇ ತಂದು ಕೊಡಬೇಕು.

ಬರುವಾಗ ಜನ ಒಬ್ಬೊಬ್ಬರಾಗಿ ಬರುತ್ತಾರೆ. ಹೊರಡುವಾಗ ಎಲ್ಲರಿಗೂ ಒಮ್ಮೆಲೇ ಅವಸರ. ಒಂದು ಸೈಕಲ್ ಹಿಂದಿರುಗಿಸಲು ಅರ್ಧ ನಿಮಿಷ ಹಿಡಿದರೆ, ಒಬ್ಬರೇ ಇದ್ದಾಗ ಇನ್ನೂರಕ್ಕೆ 100 ನಿಮಿಷ. ಐದು ಜನರಿದ್ದರೆ 20 ನಿಮಿಷ. ಆದ್ದರಿಂದ ಹೆಚ್ಚಿನ ಕೈಗಳು ಬೇಕಾಗುವುದು ಕಾರ್ಯಕ್ರಮದ ಕೊನೆಗೆ. ಬಾಗಿಲಿನಲ್ಲಿ ನೂಕುನುಗ್ಗಲಾದರೆ ಅಲ್ಲಿಯವರೆಗೆ ಪಾಲಿಸಿದ ನಿಯಮವೆಲ್ಲ ಕೊಚ್ಚಿಕೊಂಡುಹೋಗುತ್ತದೆ.

ಬಿಲ್ಲೆ ಕಳೆದರೆ?

ಸಂಖ್ಯೆಯನ್ನು ಮೂರು ಕಡೆ ಬರೆಯತಕ್ಕದ್ದು: ಸೈಕಲ್ಲಿಗೆ ಕಟ್ಟಿದ ಚೀಟಿ, ಸವಾರರ ಚೀಟಿ, ಪುಸ್ತಕದ ನಮೂದು. ಪುಸ್ತಕದಲ್ಲಿ ಹೆಸರು, ಮೊಬೈಲ್ ಸಂಖ್ಯೆ, ಸೈಕಲ್ಲಿನ ಬಣ್ಣ ಇಷ್ಟು ಇದ್ದರೆ ಸಾಕು. ಚೀಟಿ ಕಳೆದುಕೊಂಡವರು ಪರಿಚಿತರೇ ಆಗಿದ್ದರೂ ಸಂಘದ ಅಧ್ಯಕ್ಷರೇ ಆಗಿದ್ದರೂ ಕಡೆಯವರೆಗೆ ಕಾಯಬೇಕು. ಉಳಿದ ಸೈಕಲ್ಲುಗಳೆಲ್ಲ ಹೋದ ಮೇಲೆ ಗುರುತಿನ ಚೀಟಿ ನೋಡಿ, ದಾಖಲಿಸಿದ ಸಂಖ್ಯೆಗೆ ಕರೆಮಾಡಿ, ಬರಹದಲ್ಲಿ ರಶೀದಿ ಪಡೆದು ಕೊಡಬೇಕು. ಠೇವಣಿಯ ರಶೀದಿ ಕಳೆದವರಿಂದ ಬ್ಯಾಂಕು ಮುಚ್ಚಳಿಕೆ ಬರೆಸಿಕೊಳ್ಳುವುದಿಲ್ಲವೇ? ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಿಗೆಗೆ ಜಾಗವಿಲ್ಲ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಸವಾರರಿಗೂ ಒಂದು ಕರ್ತವ್ಯವಿದೆ. ಪ್ರತಿಯೊಂದು ಸೈಕಲ್ಲಿಗೂ ಚೌಕಟ್ಟಿನ ಮೇಲೆ, ಸಾಮಾನ್ಯವಾಗಿ ಪೆಡಲುಗಳ ನಡುವಿನ ಭಾಗದ ಅಡಿಯಲ್ಲಿ, ಒಂದು ಸಂಖ್ಯೆ ಕೊರೆದಿರುತ್ತದೆ. ಅದನ್ನು ಬರೆದಿಟ್ಟುಕೊಂಡು, ಖರೀದಿಯ ಬಿಲ್ಲನ್ನೂ ಒಂದು ಛಾಯಾಚಿತ್ರವನ್ನೂ ಜೋಪಾನ ಮಾಡಿದರೆ, ಕಳವಾದಾಗ ಪೊಲೀಸರಿಗೆ ಕೊಡಲು ಖಚಿತವಾದ ಗುರುತು ಇರುತ್ತದೆ. ದೀಪ, ನೀರಿನ ಬಾಟಲಿ, ಹೆಲ್ಮೆಟ್ ಮೊದಲಾದ ಬಿಡಿ ವಸ್ತುಗಳನ್ನು ತಮ್ಮೊಡನೆ ಇರಿಸಿಕೊಳ್ಳುವುದು ಉತ್ತಮ.

ನಾಗಪುರದಂಥ ಊರಿಗೆ ರೈಲ್ವೆ, ಬ್ಯಾಂಕು, ಸರಕಾರಿ ಕಚೇರಿ, ಹೋಟೆಲು ಉದ್ಯಮಗಳ ನಿಮಿತ್ತ ಬಂದು ನೆಲಸಿದ ಕನ್ನಡಿಗರಲ್ಲಿ ಲೆಕ್ಕ ಇಡಬಲ್ಲವರಿಗೆ ಕೊರತೆಯಿಲ್ಲ. ಸವಾರಿ ಮಾಡಲು ಮೊಣಕಾಲು ಒಪ್ಪದ ನಿವೃತ್ತರು ಪುಸ್ತಕದ ಮುಂದೆ ಕುಳಿತುಕೊಳ್ಳಬಹುದು. ಕಾಲೇಜಿನ ಹುಡುಗ ಹುಡುಗಿಯರು ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಬಹುದು. ಜಾಥಾದಲ್ಲಿ ಪಾಲುಗೊಳ್ಳಲಾರದವರಿಗೂ ಇದರಿಂದ ಗೌರವದ ಒಂದು ಕೆಲಸ ದೊರೆಯುತ್ತದೆ. ಮುಂದಿನ ಜಾಥಾದ ಕರಪತ್ರದಲ್ಲಿ ಹಾದಿ, ವೇಳೆ, ಉಪಾಹಾರಗಳ ವಿವರದ ಕೆಳಗೆ “ಸೈಕಲ್ಲುಗಳಿಗೆ ಕಾವಲಿನ ನಿಲುಗಡೆ ಉಂಟು” ಎಂಬ ಒಂದು ಸಾಲು ಸೇರಲಿ. ಕೊಟ್ಟ ಬಿಲ್ಲೆಗಳೂ ಮರಳಿದ ಬಿಲ್ಲೆಗಳೂ ತಾಳೆಯಾಗಿ ಬೇಲಿಯೊಳಗೆ ಒಂದು ಸೈಕಲ್ಲೂ ಉಳಿಯದಿದ್ದಾಗ ಮಾತ್ರ ಅಂದಿನ ಕಾರ್ಯಕ್ರಮ ಮುಗಿಯಿತೆಂದು ಕಾರ್ಯದರ್ಶಿಗಳು ಬರೆದುಕೊಳ್ಳಲಿ.