ಕ್ಯಾಮೆರಾ ಇರಲಿ, ಮಾತೂ ಕೇಳಿಸಲಿ

ಫುಟ್‌ಬಾಲ್ ರೆಫರಿಗೆ ವಿಡಿಯೊ ನೆರವು ಬೇಕಾ? ಬೇಕೇ ಬೇಕು ಅನ್ನುವವಳು ನಾನು. ಆದರೆ ಒಂದು ಷರತ್ತಿದೆ.

2010ರ ವಿಶ್ವಕಪ್. ಜರ್ಮನಿ ವಿರುದ್ಧ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಕ್ರಾಸ್‌ಬಾರ್‌ಗೆ ಬಡಿದು ಗೆರೆಯ ಆಚೆ ಬಿತ್ತು. ಟಿವಿ ನೋಡುತ್ತಿದ್ದವರಿಗೆಲ್ಲ ಕಂಡಿತು, ರೆಫರಿಗೆ ಕಾಣಲಿಲ್ಲ. 2–2 ಆಗಬೇಕಿದ್ದ ಪಂದ್ಯವನ್ನು ಜರ್ಮನಿ 4–1ರಿಂದ ಗೆದ್ದಿತು. 2014ರ ವಿಶ್ವಕಪ್‌ಗೆ ಗೋಲ್‌ಲೈನ್ ತಂತ್ರಜ್ಞಾನ ಬಂತು, 2018ಕ್ಕೆ ವಿಎಆರ್.

ಅಲ್ಲಿಗೆ ಜಗಳ ಮುಗೀತಾ? ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಟಾಟೆನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಗೋಲು ಹೊಡೆದರು. ಮೈದಾನದಲ್ಲಿ ಆಫ್‌ಸೈಡ್ ಅಂದರು. ವಿಡಿಯೊದಲ್ಲಿ ಆಫ್‌ಸೈಡ್ ಇರಲಿಲ್ಲ. ಆದರೆ ಗೋಲು ಕೊಟ್ಟಾಗಿದೆ ಅಂದುಕೊಂಡ ವಿಡಿಯೊ ರೆಫರಿ ‘ಪರಿಶೀಲನೆ ಮುಗೀತು’ ಅಂದುಬಿಟ್ಟರು. ಆಟ ಮುಂದುವರಿಯಿತು, ಗೋಲು ಕೈತಪ್ಪಿತು, ಲಿವರ್‌ಪೂಲ್ 2–1ರಿಂದ ಸೋತಿತು. ಕ್ಯಾಮೆರಾ ಸರಿಯಾಗೇ ತೋರಿಸಿತ್ತು, ಎಡವಿದ್ದು ಮಾತು.

ಆ ಮಾತು ಜನರ ಕಿವಿಗೆ ಬಿದ್ದಿದ್ದು ದಿನಗಳ ನಂತರ. ಕ್ರಿಕೆಟ್‌ನಲ್ಲಾದರೆ ಥರ್ಡ್ ಅಂಪೈರ್ ಹೇಳೋದೆಲ್ಲ ಟಿವಿಯಲ್ಲಿ ಆಗಲೇ ಕೇಳಿಸುತ್ತೆ. 2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ರೆಫರಿಗಳು ವಿಎಆರ್ ನೋಡಿ ಕೊಟ್ಟ ತೀರ್ಪನ್ನು ಮೈಕ್‌ನಲ್ಲಿ ಹೇಳಿದ್ದರು. ನನ್ನ ಷರತ್ತು ಅದಕ್ಕಿಂತ ಒಂದು ಹೆಜ್ಜೆ ಮುಂದೆ: ತೀರ್ಪಷ್ಟೇ ಅಲ್ಲ, ಅದಕ್ಕೆ ಮುಂಚಿನ ಚರ್ಚೆಯೂ ಕೇಳಿಸಲಿ. ತಪ್ಪಾದರೆ ಅಲ್ಲೇ ಗೊತ್ತಾಗುತ್ತೆ, ಅಲ್ಲೇ ತಿದ್ದಬಹುದು. ನೀವೇನಂತೀರಿ?